ಗುಡ್ಡನ ಜೋಳಿಗೆ, ಮಾದಪ್ಪನ ಕಥೆ: ಕಂಸಾಳೆ ಗಾಯಕನ ಬದುಕಿನ ಚಾರಿತ್ರಿಕ ನೆಲೆಗಳು

ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ‘ಮಲೆ ಮಾದೇಶ್ವರ’ ಮಹಾಕಾವ್ಯವನ್ನು ಪ್ರಕಟಿಸಿತು. ಅದನ್ನು ಹಾಡಿದವರು ಹೆಬ್ಬಣಿ ಮಾದಯ್ಯ ಮತ್ತು ಅವರ ತಂಡದವರು. ಸಂಗ್ರಹಿಸಿ ಸಂಪಾದಿಸಿದವರು ಕೆ. ಕೇಶವನ್ ಪ್ರಸಾದ್. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ಟರು ಮಾಡಿದ ಇದರ ಇಂಗ್ಲಿಷ್ ಅನುವಾದವನ್ನು 2001ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಹೊರತಂದಾಗಲೂ ಮಾದಯ್ಯನವರ ಹೆಸರು ಕೃತಿಯೊಡನೆಯೇ ಸಾಗಿತು. ಕನ್ನಡದ ಜಾನಪದ ಸಂಕಲನಗಳಲ್ಲಿ ಹಾಡುಗಾರರ ಹೆಸರು ಅನುಬಂಧದ ವಕ್ತೃಪಟ್ಟಿಯಲ್ಲಿ ಸೇರಿಹೋಗುತ್ತಿದ್ದುದೇ ಹೆಚ್ಚು. ಆ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ಆದರೆ ಮುದ್ರಿತ ಪುಟದಲ್ಲಿ ಹೆಸರು ಬಂದಕೂಡಲೇ ಓದುಗನು ಆ ಹೆಸರನ್ನು ಕವಿಯ ಸ್ಥಾನದಲ್ಲೋ ಕಲಾವಿದನ ಸ್ಥಾನದಲ್ಲೋ ಇರಿಸಿ ನೋಡತೊಡಗುತ್ತಾನೆ. ಪರಂಪರೆಯೊಳಗೆ ಈ ಎರಡೂ ಸ್ಥಾನಗಳಿಲ್ಲ. ಅಲ್ಲಿರುವುದು ‘ದೇವರಗುಡ್ಡ’ ಎಂಬ ಸ್ಥಾನ ಮಾತ್ರ. ಗುಡ್ಡನು ಹಾಡನ್ನು ಕಾಪಾಡಲೆಂದು ಹಾಡಿದವನಲ್ಲ. ಹರಕೆ ತೀರಿಸಲೆಂದು ಬೇಡಿದವನು, ಬೇಡುವಾಗ ಹಾಡಿದವನು. ಇಷ್ಟು ದೊಡ್ಡ ಕಥನವೊಂದು ಶತಮಾನಗಳ ಕಾಲ ಬಾಯಿಂದ ಬಾಯಿಗೆ ಬಂದುದು ಹೇಗೆ ಎಂಬ ಪ್ರಶ್ನೆಗೆ ಉತ್ತರವನ್ನು ಪಠ್ಯದಲ್ಲಿ ಹುಡುಕುವುದಕ್ಕಿಂತ ಈ ಗುಡ್ಡನ ಬದುಕಿನ ಕಟ್ಟಳೆಯಲ್ಲಿ ಹುಡುಕುವುದೇ ಹೆಚ್ಚು ಫಲಕಾರಿ.

ಮಾದಪ್ಪನ ಬೆಟ್ಟವು ಇಂದಿನ ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ. ಪೂರ್ವ ಮತ್ತು ಪಶ್ಚಿಮ ಘಟ್ಟಗಳು ಒಂದರತ್ತ ಒಂದು ಬಾಗುವ ಈ ಕಾಡುಸೀಮೆಯ ಒಂದು ಅಂಚಿನಲ್ಲಿ ಕಾವೇರಿ ಹರಿದರೆ, ಇನ್ನೊಂದು ಅಂಚಿನಲ್ಲಿ ತಮಿಳುನಾಡಿನ ಗಡಿಯಿದೆ. ಆನುಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ ಎಂದು ಮಲೆಗಳ ಹೆಸರನ್ನು ಎಣಿಸುತ್ತ ಹೋಗುವ ಗುಡ್ಡರು ಒಟ್ಟು ಎಪ್ಪತ್ತೇಳು ಮಲೆ ಎನ್ನುತ್ತಾರೆ. ಭಕ್ತರ ಬಾಯಲ್ಲಿ ಅದು ಏಳುಮಲೆ. ಕೊಳ್ಳೇಗಾಲ ಸೀಮೆಯು ಬ್ರಿಟಿಷರ ಆಳ್ವಿಕೆಯಲ್ಲಿ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಅದು ಏಕೀಕೃತ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ಮೈಸೂರು ಜಿಲ್ಲೆಯಿಂದ ಚಾಮರಾಜನಗರ ಜಿಲ್ಲೆ ಬೇರೆಯಾಯಿತು. ಆಡಳಿತದ ಈ ಗೆರೆಗಳು ಗುಡ್ಡನ ನಡಿಗೆಯನ್ನು ಎಂದೂ ತಡೆಯಲಿಲ್ಲ. ಮೈಸೂರು, ಮಂಡ್ಯ, ಕನಕಪುರ, ಕೊಳ್ಳೇಗಾಲ ಸೀಮೆಗಳ ಕನ್ನಡ ಒಕ್ಕಲುಗಳ ಜೊತೆಗೆ ಸೇಲಂ, ಈರೋಡು, ಧರ್ಮಪುರಿ ಕಡೆಯ ತಮಿಳು ಒಕ್ಕಲುಗಳೂ ಮಾದಪ್ಪನವೇ. ಆದರೆ ವಿದ್ವತ್ತಿನ ಗೆರೆ ಬೇರೆ. ಹಳೆಯ ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಳೆದ ಕನ್ನಡ ಜಾನಪದಾಸಕ್ತಿಯ ಎಲ್ಲೆಯಿಂದ ಈ ಬೆಟ್ಟ ಆಚೆಗೇ ಉಳಿದಿತ್ತು.

ಮಾದೇಶ್ವರನನ್ನು ಹದಿನೈದನೆಯ ಶತಮಾನದ ಆಸುಪಾಸಿನ ಐತಿಹಾಸಿಕ ವ್ಯಕ್ತಿಯೆಂದು ಹಲವು ವಿದ್ವಾಂಸರು ಭಾವಿಸಿದ್ದಾರೆ. ಗುಡ್ಡರಿಗೆ ಈ ಕಾಲನಿರ್ಣಯದ ಹಂಗಿಲ್ಲ. ಅವರ ಮಾದಪ್ಪ ಉತ್ತರಾಜಮ್ಮನ ಮಗ. ಕುಂತೂರು ಮಠದಲ್ಲಿ ರಾಗಿ ಬೀಸಿದವನು. ಹುಲಿಯನ್ನೇರಿ ಮಲೆ ಸೇರಿದವನು. ದೇವಾನುದೇವತೆಗಳನ್ನು ಸೆರೆಯಲ್ಲಿಟ್ಟ ಶ್ರವಣದೊರೆಯನ್ನು ಹರಳಯ್ಯನ ಕೈಯ ಪಾದರಕ್ಷೆಯ ನೆವದಲ್ಲಿ ಕೊನೆಗಾಣಿಸಿದವನು. ದೊಡ್ಡ ಯುದ್ಧವಿಲ್ಲ, ಸೈನ್ಯವಿಲ್ಲ; ಚಮ್ಮಾರನ ಕಸುಬು ಅರಸನ ಅಹಂಕಾರವನ್ನು ಗೆಲ್ಲುತ್ತದೆ. ಆಲಂಬಾಡಿಯ ಜುಂಜೇಗೌಡನಂಥ ಸಿರಿವಂತ ಕುರುಬನು ಗುಡಿ ಕಟ್ಟಿಸುತ್ತಾನೆ. ಸೋಲಿಗರು ಮೊದಲ ಒಕ್ಕಲಾಗುತ್ತಾರೆ. ಪೂಜೆ ಬೇಡಗಂಪಣರ ಪಾಲಿಗೆ ಬರುತ್ತದೆ. ಬೆಟ್ಟದ ಸುತ್ತಣ ಪ್ರತಿಯೊಂದು ಸಮುದಾಯಕ್ಕೂ ಕಥೆಯಲ್ಲಿ ಒಂದು ಬಾಗಿಲಿದೆ. ಹಾಗೆಯೇ ಗುಡ್ಡನಾಗಲು ಯಾವುದೇ ಒಂದು ಜಾತಿಯ ಹುಟ್ಟು ಬೇಕಿಲ್ಲ. ಕುರುಬರು, ಒಕ್ಕಲಿಗರು, ನಾಯಕರು, ಉಪ್ಪಾರರು, ದಲಿತರು ಹೀಗೆ ಹಲವು ಸಮುದಾಯಗಳಿಂದ ಗುಡ್ಡರು ಬಂದಿದ್ದಾರೆ. ಜಾತಿಗೊಂದು ವೃತ್ತಿಗಾಯಕ ಪರಂಪರೆ ಇರುವ ನಾಡಿನಲ್ಲಿ ಇದು ವಿಶೇಷವೇ ಸರಿ.

ಹಾಗಾದರೆ ಗುಡ್ಡನಾಗುವುದು ಹೇಗೆ? ಅದರ ಉತ್ತರ ಕಾವ್ಯದ ಸಂಕಮ್ಮನ ಸಾಲಿನಲ್ಲೇ ಇದೆ. (ಈ ಕಾವ್ಯದ ಒಂದೊಂದು ಕಥಾಭಾಗವನ್ನೂ ‘ಸಾಲು’ ಎಂದು ಕರೆಯುವುದು ರೂಢಿ.) ಸೋಲಿಗರ ನೀಲೇಗೌಡನ ಹೆಂಡತಿ ಸಂಕಮ್ಮ. ಮಕ್ಕಳಿಲ್ಲದವಳು. ಗಂಡನು ಜೇನಿಗಾಗಿ ಕಾಡಿಗೆ ಹೊರಡುವ ಮುನ್ನ, ತಾನಿಲ್ಲದಾಗ ಶೀಲ ಕಾಯ್ದುಕೊಳ್ಳುವೆನೆಂದು ಪ್ರಮಾಣ ಮಾಡೆಂದು ಹಟ ಹಿಡಿಯುತ್ತಾನೆ. ತಪ್ಪು ಮಾಡದವಳು ಪ್ರಮಾಣವೇಕೆ ಮಾಡಬೇಕು ಎಂಬ ನಿಲುವು ಅವಳದು. ಅವನು ಅವಳನ್ನು ಹಿಂಸಿಸಿ, ಗುಡಿಸಲಿನಲ್ಲಿ ಕಟ್ಟಿಹಾಕಿ, ಸುತ್ತ ಮಾಟದ ಕಾವಲಿಟ್ಟು ಹೋಗುತ್ತಾನೆ. ಜಂಗಮ ವೇಷದ ಮಾದಪ್ಪ ಅಲ್ಲಿಗೆ ಬರುತ್ತಾನೆ, ಕಟ್ಟು ಬಿಡಿಸುತ್ತಾನೆ, ಸಂತಾನದ ವರ ಕೊಡುತ್ತಾನೆ. ಹೀಗೆ ಹುಟ್ಟಿದವರು ಕಾರಯ್ಯ, ಬಿಲ್ಲಯ್ಯ. ವರ ಕೊಟ್ಟವನಿಗೇ ಸಲ್ಲುವ ಮಕ್ಕಳು ಇವರು. ಪರಂಪರೆಯು ಇವರನ್ನು ಮಾದಪ್ಪನ ಮೊದಲ ಶಿಶುಮಕ್ಕಳೆಂದು ಕೊಂಡಾಡುತ್ತದೆ. ಈ ಸಾಲನ್ನು ಹಾಡುವಾಗ ಕೇಳುಗರಲ್ಲಿ ಹೆಂಗಸರೇ ಹೆಚ್ಚಾಗಿ ಕೂರುವುದು ಸಹಜ. ಗಂಡನ ಸಂಶಯಕ್ಕೆ ಉತ್ತರವಾಗಿ ದೇವರೇ ಬಾಗಿಲಿಗೆ ಬರುವ ಕಥೆ ಕನ್ನಡದಲ್ಲಿ ಹೆಚ್ಚಿಲ್ಲ. ಸೀತೆಯ ಪ್ರಮಾಣದ ಕಥೆಯನ್ನು ಬಲ್ಲ ಸಮಾಜವೊಂದು ಪ್ರಮಾಣವನ್ನು ನಿರಾಕರಿಸಿದವಳನ್ನು ತನ್ನ ಆದಿಮಾತೆಯ ಸ್ಥಾನದಲ್ಲಿ ಇರಿಸಿಕೊಂಡಿರುವುದನ್ನು ಸಂಸ್ಕೃತಿ ಚರಿತ್ರೆಕಾರರು ಇನ್ನೂ ತಕ್ಕಷ್ಟು ಗಮನಿಸಿಲ್ಲ.

ಮಕ್ಕಳಾಗದವರು, ಹುಟ್ಟಿದ ಮಕ್ಕಳನ್ನು ಕಳೆದುಕೊಂಡವರು, ಕಾಯಿಲೆಯಿಂದ ಮಗು ಉಳಿದರೆ ಸಾಕೆಂದು ಮೊರೆಯಿಟ್ಟವರು ಮಗನೊಬ್ಬನನ್ನು ಮಾದಪ್ಪನ ಗುಡ್ಡನಾಗಿ ಬಿಡುವೆವೆಂದು ಹರಸಿಕೊಳ್ಳುವ ರೂಢಿಗೆ ಈ ಸಾಲೇ ಮಾದರಿ. ಎಂದರೆ, ಗಾಯಕನ ಬದುಕು ಅವನು ಹಾಡುವ ಕಥೆಯ ಒಳಗಿನಿಂದಲೇ ಆರಂಭವಾಗುತ್ತದೆ. ತಾನು ಹುಟ್ಟುವ ಮೊದಲೇ ತನ್ನ ಮೇಲೆ ಬಿದ್ದ ಋಣವನ್ನು ಅವನು ಹಾಡಿ ತೀರಿಸಬೇಕು. ಎಲ್ಲ ಗುಡ್ಡರೂ ಹರಕೆಯ ಮಕ್ಕಳೇ ಎಂದಲ್ಲ. ತಂದೆಯ ನಂತರ ಮಗನು ಜೋಳಿಗೆ ಹಿಡಿದ ಮನೆಗಳೂ ಬಹಳ. ಆದರೆ ವಂಶದಿಂದ ಬಂದವನೂ ದೀಕ್ಷೆಯಿಲ್ಲದೆ ಗುಡ್ಡನಾಗಲಾರ. ಗುರುವು ಮಿಂದು ಬಂದವನ ಹಣೆಗೆ ದೂಳ್ತ ಇಟ್ಟು, ರುದ್ರಾಕ್ಷಿ ಕಟ್ಟಿ, ಕಂಸಾಳೆ ಜೋಳಿಗೆಗಳನ್ನು ಕೈಗೆ ಕೊಡುತ್ತಾನೆ. ಮಾದಪ್ಪನ ವಿಭೂತಿಗೆ ದೂಳ್ತ ಎಂದೇ ಹೆಸರು. ಅಲ್ಲಿಂದಾಚೆಗೆ ಭಿಕ್ಷೆ ಬೇಡುವುದು ಅವನ ಧರ್ಮ. ಮನೆಯಲ್ಲಿ ಹೊಲಗದ್ದೆಯಿದ್ದರೂ, ಉಣ್ಣಲು ಕೊರತೆಯಿಲ್ಲದಿದ್ದರೂ, ಹಬ್ಬದ ದಿನಗಳಲ್ಲಾದರೂ ಜೋಳಿಗೆ ಹಿಡಿದು ನಾಲ್ಕು ಮನೆಯ ಮುಂದೆ ನಿಲ್ಲಬೇಕು. ಇದು ಹಸಿವಿನ ಭಿಕ್ಷೆಯಲ್ಲ, ಕಟ್ಟಳೆಯ ಭಿಕ್ಷೆ.

ಕಂಸಾಳೆ ಎಂಬ ಹೆಸರು ಕಾಂಸ್ಯತಾಳದಿಂದ ಬಂದುದು. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ಕುಚ್ಚು ಕಟ್ಟಿದ ಚಪ್ಪಟೆ ತಾಳ. ಎರಡರ ಅಂಚು ಅಂಚಿಗೆ ತಾಗಿದಾಗ ಒಂದು ನಾದ, ಪೂರ್ಣವಾಗಿ ಮುಚ್ಚಿದಾಗ ಇನ್ನೊಂದು. ಇದೇ ಸೀಮೆಯಲ್ಲಿ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರ ಕೈಯಲ್ಲಿರುವುದು ತಂಬೂರಿ. ಆದ್ದರಿಂದ ಅವರಿಗೆ ತಂಬೂರಿಯವರು ಎಂದೂ, ಮಾದಪ್ಪನ ಗುಡ್ಡರಿಗೆ ಕಂಸಾಳೆಯವರು ಎಂದೂ ವಾದ್ಯದ ಹೆಸರೇ ಅಡ್ಡಹೆಸರಾಯಿತು. ಎರಡೂ ಪರಂಪರೆಗಳು ಒಂದೇ ಊರಿನ ಅಕ್ಕಪಕ್ಕದ ಬೀದಿಗಳಲ್ಲಿ ಬಾಳಿವೆ. ದಮ್ಮಡಿ ಗಗ್ಗರಗಳ ಕೊಡುಕೊಳೆಯೂ ಇದೆ.

ಜಂಗಮನು ಬಾಗಿಲಲ್ಲಿ ನಿಲ್ಲುವುದು ಮಾದಪ್ಪನ ಕಾವ್ಯದ ಪ್ರಧಾನ ಘಟನೆ. ಸಂಕಮ್ಮನ ಗುಡಿಸಲ ಮುಂದೆ ಅವನು ನಿಲ್ಲುತ್ತಾನೆ. ಬೇವಿನಹಟ್ಟಿ ಕಾಳಮ್ಮನ ಮನೆಯ ಮುಂದೆಯೂ ನಿಲ್ಲುತ್ತಾನೆ. ಒಬ್ಬಳು ಬಡವಿ, ಸಂಕಟದಲ್ಲಿರುವವಳು. ಇನ್ನೊಬ್ಬಳು ಸಿರಿವಂತೆ, ಭಿಕ್ಷೆಯಿಲ್ಲವೆಂದು ಜಂಗಮನನ್ನು ತಿರಸ್ಕರಿಸುವವಳು. ಕಥೆ ಯಾರ ಕಡೆಗೆ ಒಲಿಯುತ್ತದೆಂಬುದು ಕೇಳುಗರಿಗೆ ಮೊದಲೇ ಗೊತ್ತು. ಇದನ್ನು ಹಾಡುವವನೂ ಬಾಗಿಲಲ್ಲಿ ನಿಂತವನೇ ಎಂಬುದನ್ನು ಮರೆಯಬಾರದು. ಹೆಗಲಲ್ಲಿ ಜೋಳಿಗೆ, ಹಣೆಯಲ್ಲಿ ದೂಳ್ತ, ಕೈಯಲ್ಲಿ ಬೆತ್ತ ಇರುವ ಗುಡ್ಡನನ್ನು ಕಂಡ ಮನೆಯೊಡತಿಗೆ ತಾನು ಸಂಕಮ್ಮನಾಗಬೇಕೋ ಕಾಳಮ್ಮನಾಗಬೇಕೋ ಎಂಬ ಆಯ್ಕೆ ಕ್ಷಣಮಾತ್ರ ಎದುರಾಗುತ್ತದೆ. ಹೀಗೆ ನೀಡುವ ಒಂದು ಮೊರ ರಾಗಿಯಲ್ಲಿ ದಾನ, ಭಯ, ಭಕ್ತಿ, ಕಥೆಯ ನೆನಪು ಎಲ್ಲವೂ ಸೇರಿರುತ್ತವೆ. ಜೋಳಿಗೆಯೇ ಇಲ್ಲಿ ಕಾವ್ಯದ ರಂಗಸ್ಥಳ ಎಂದರೆ ಅತಿಶಯೋಕ್ತಿಯಲ್ಲ. ಜಾನಪದ ಅಧ್ಯಯನಗಳು ಭಿಕ್ಷೆಯನ್ನು ಗಾಯಕನ ಜೀವನೋಪಾಯವೆಂಬ ಶೀರ್ಷಿಕೆಯಡಿ ನಾಲ್ಕು ಸಾಲಿನಲ್ಲಿ ಮುಗಿಸಿಬಿಡುವುದರಿಂದ ಪ್ರದರ್ಶನದ ಈ ಮೂಲಘಟಕವೇ ಕಣ್ಮರೆಯಾಗುತ್ತದೆ.

ಬಾಗಿಲಿನ ಹಾಡು ಕೆಲವೇ ನಿಮಿಷಗಳದು; ರಾತ್ರಿಯ ಕಥೆ ಬೇರೆ. ಹರಕೆ ಹೊತ್ತ ಮನೆಯವರು ಗುಡ್ಡರನ್ನು ಕರೆಸಿ, ಪೂಜೆ ಮಾಡಿ, ಬಂದವರಿಗೆಲ್ಲ ಉಣಬಡಿಸಿದ ಮೇಲೆ ಕಥೆ ಆರಂಭವಾಗುತ್ತದೆ. ಮುಖ್ಯ ಗಾಯಕನು ಮಾತು ಮತ್ತು ಹಾಡುಗಳನ್ನು ಹೆಣೆಯುತ್ತ ಸಾಗುತ್ತಾನೆ. ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಎಂದರೆ ಬರಿಯ ಪಲ್ಲವಿಯಲ್ಲ. ಹಿಮ್ಮೇಳವು ಸೊಲ್ಲನ್ನು ಹಾಡುವಷ್ಟು ಹೊತ್ತು ಮುಖ್ಯ ಗಾಯಕನಿಗೆ ಉಸಿರು ಸಿಗುತ್ತದೆ, ಮುಂದಿನ ನುಡಿಯನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳಲು ಬಿಡುವು ಸಿಗುತ್ತದೆ. ಸೊಲ್ಲು ಬದಲಾದರೆ ಕಥೆಯ ತಿರುವು ಬಂದಿತೆಂದು ಅರ್ಥ. ಮಲೆಗಳ ಎಣಿಕೆ, ಮಾದಪ್ಪ ಸಿಂಗಾರಗೊಳ್ಳುವ ಬಗೆ, ದಾರಿ ನಡೆವ ವರ್ಣನೆ ಇಂಥ ಸಿದ್ಧ ಭಾಗಗಳು ಗಾಯಕನ ನಾಲಿಗೆಯ ಮೇಲೆಯೇ ಇರುತ್ತವೆ; ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂಬುದನ್ನು ಮುಂದೆ ಕುಳಿತವರ ಮುಖ ನೋಡಿ ಅವನು ತೀರ್ಮಾನಿಸುತ್ತಾನೆ. ಕೇಳುಗರಲ್ಲಿ ನಿದ್ದೆ ಸುಳಿದರೆ ಒಂದು ಹಾಸ್ಯದ ಮಾತು, ಮನೆಯವರ ಹರಕೆ ಸಂತಾನದ್ದಾದರೆ ಸಂಕಮ್ಮನ ಸಾಲು. ಇಡೀ ಕಾವ್ಯವನ್ನು ಹುಟ್ಟಿನಿಂದ ಐಕ್ಯದವರೆಗೆ ಒಂದೇ ಓಟದಲ್ಲಿ ಹಾಡಬೇಕಾದ ಸಂದರ್ಭ ವಾಡಿಕೆಯಲ್ಲಿ ಅಪರೂಪ. ಒಂದು ರಾತ್ರಿಗೆ ಒಂದೆರಡು ಸಾಲುಗಳೇ ಸಾಕಾಗುತ್ತವೆ.

ಕಲಿಕೆಗೆ ಶಾಲೆಯಿಲ್ಲ. ಹುಡುಗನು ಮೊದಲು ಹಿಮ್ಮೇಳದಲ್ಲಿ ಕುಳಿತು ಸೊಲ್ಲು ಹೇಳುತ್ತಾನೆ. ವರ್ಷಗಟ್ಟಲೆ ಸೊಲ್ಲು ಹೇಳುತ್ತ ಕಥೆ ಒಳಗಿಳಿಯುತ್ತದೆ. ಪರಸೆಯ ದಾರಿಯಲ್ಲಿ ಹಿರಿಯರ ಹಿಂದೆ ನಡೆಯುತ್ತ, ತಾಳುಬೆಟ್ಟ ಹತ್ತುತ್ತ, ಉಘೇ ಎಂಬ ಕೂಗಿಗೆ ದನಿಗೂಡಿಸುತ್ತ ಮಲೆಗಳ ಹೆಸರು ಕಾಲಿಗೂ ನೆನಪಾಗುತ್ತದೆ. ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆಯ ಎಣ್ಣೆಮಜ್ಜನ, ದೀಪಾವಳಿಯ ಹಾಲರವಿ ಸೇವೆಗಳು ಗುಡ್ಡನ ವರ್ಷದ ಮೈಲಿಗಲ್ಲುಗಳು. ಬೇರೆ ಬೇರೆ ಸೀಮೆಯ ಗುಡ್ಡರು ಒಂದೆಡೆ ಸೇರುವುದು, ಒಬ್ಬರ ಕಥೆಯನ್ನು ಇನ್ನೊಬ್ಬರು ಕೇಳುವುದು ಈ ದಿನಗಳಲ್ಲೇ. ಪಾಠಾಂತರಗಳು ಹುಟ್ಟಿದ್ದು ಊರುಗಳಲ್ಲಾದರೆ, ಕಥೆ ತೀರ ಚದುರಿಹೋಗದಂತೆ ಹಿಡಿದಿಟ್ಟದ್ದು ಬೆಟ್ಟ.

ಸಂಗ್ರಹದ ಚರಿತ್ರೆ ಏಕೀಕರಣೋತ್ತರ ಕಾಲದ್ದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಜಾನಪದವು ಅಧ್ಯಯನ ಶಿಸ್ತಾಗಿ ರೂಪುಗೊಳ್ಳುತ್ತಿದ್ದ ದಿನಗಳಲ್ಲಿ ಪಿ.ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ ಸಂಗ್ರಹವು 1973ರಲ್ಲಿ ಬೆಳಕು ಕಂಡಿತು. ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳನ್ನು ಕುರಿತ ಜೀ.ಶಂ. ಪರಮಶಿವಯ್ಯನವರ ಅಧ್ಯಯನವು ಕಂಸಾಳೆ, ನೀಲಗಾರ ಮೊದಲಾದ ವೃತ್ತಿಗಾಯಕ ಪರಂಪರೆಗಳನ್ನು ವಿದ್ವತ್ ಚರ್ಚೆಯ ಕೇಂದ್ರಕ್ಕೆ ತಂದಿತು. ಕನ್ನಡದಲ್ಲಿ ಜನಪದ ಮಹಾಕಾವ್ಯವೇ ಇಲ್ಲವೆಂಬ ಮಾತಿಗೆ ಇನ್ನು ಅವಕಾಶವಿರಲಿಲ್ಲ. 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವು ಈ ಕೆಲಸವನ್ನು ಮಾಲಿಕೆಯಾಗಿ ಮುಂದುವರಿಸಿತು.

ಇದೇ ಕಾಲದಲ್ಲಿ ಕರಾವಳಿಯಲ್ಲಿ ನಡೆದ ಒಂದು ಪ್ರಯತ್ನವನ್ನು ಹೋಲಿಕೆಗಾಗಿ ನೆನೆಯಬಹುದು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರೊಡನೆ 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಕಾವ್ಯವನ್ನು ದಾಖಲಿಸಿಕೊಂಡರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಪ್ರಕಟವಾಯಿತು. ಗಾಯಕನ ಮನಸ್ಸಿನಲ್ಲಿ ಕಾವ್ಯವು ಯಾವ ರೂಪದಲ್ಲಿರುತ್ತದೆ, ಹಾಡುವಾಗ ಅದು ಹೇಗೆ ಮೈದಳೆಯುತ್ತದೆ ಎಂಬ ಪ್ರಶ್ನೆಯನ್ನು ಹೊಂಕೊ ಮುಖ್ಯವಾಗಿಸಿದರು. ದಾಖಲೆಗಾಗಿ ಹಾಡಿದ ಪಠ್ಯವು ವಾಡಿಕೆಯ ಯಾವುದೇ ಪ್ರದರ್ಶನಕ್ಕಿಂತ ದೀರ್ಘವಾಗಬಲ್ಲದೆಂಬುದು ಅವರ ಒಂದು ಮುಖ್ಯ ಕಾಣ್ಕೆ. ಮಾದಪ್ಪನ ಕಾವ್ಯದ ಬೃಹತ್ ಸಂಗ್ರಹಗಳನ್ನು ಓದುವಾಗಲೂ ಈ ಎಚ್ಚರ ಬೇಕು. ಗ್ರಂಥದಲ್ಲಿ ಸಾಲುಗಳು ಅನುಕ್ರಮವಾಗಿ ನಿಂತಿವೆ. ಗುಡ್ಡನ ಬದುಕಿನಲ್ಲಿ ಅವು ಬೇರೆ ಬೇರೆ ಮನೆಗಳಲ್ಲಿ, ಬೇರೆ ಬೇರೆ ಹರಕೆಗಳಲ್ಲಿ ಹರಡಿಕೊಂಡಿವೆ. ಆದರೂ ಗ್ರಂಥವಿಲ್ಲದಿದ್ದರೆ ಬೆಟ್ಟದಿಂದ ದೂರವಿರುವ ಓದುಗನಿಗೆ ಸಂಕಮ್ಮ ದೊರೆಯುತ್ತಲೇ ಇರಲಿಲ್ಲ ಎಂಬುದೂ ನಿಜ.

ಇನ್ನು ವೇದಿಕೆಯ ಮಾತು. ಕಂಸಾಳೆಯನ್ನು ಬೀಸುತ್ತ, ಬಾಗಿ, ಮಲಗಿ, ಒಬ್ಬರ ತಾಳಕ್ಕೆ ಇನ್ನೊಬ್ಬರು ತಾಗಿಸುತ್ತ ಕುಣಿಯುವ ‘ಬೀಸು ಕಂಸಾಳೆ’ಯು ಪರಂಪರೆಯ ಒಂದು ಭಾಗವಾಗಿದ್ದುದು ಹೌದು. ಜಾನಪದ ಜಾತ್ರೆ, ದಸರಾ ಮೆರವಣಿಗೆ, ಸರಕಾರಿ ಉತ್ಸವಗಳ ಬೇಡಿಕೆಗೆ ತಕ್ಕಂತೆ ಈ ಭಾಗವೇ ಇಡಿಯನ್ನು ನುಂಗಿತು. ಹತ್ತು ನಿಮಿಷದ ಅವಧಿ, ಒಂದೇ ಬಣ್ಣದ ಉಡುಪು, ವೇಗದ ಲಯ. ಕಥೆಗೆ ಅಲ್ಲಿ ಎಡೆಯಿಲ್ಲ. 1980ರ ದಶಕದ ನಂತರ ಬಂದ ಧ್ವನಿಸುರುಳಿಗಳು ಕಥೆಯನ್ನು ಉಳಿಸಿಕೊಂಡವು, ಆದರೆ ಗಂಟೆಯೊಂದರ ಅಳತೆಗೆ. 1996ರ ‘ಜನುಮದ ಜೋಡಿ’ ಚಲನಚಿತ್ರದ ಮೂಲಕ ‘ಕೋಲುಮಂಡೆ ಜಂಗಮ’ನ ಹಾಡು ನಾಡಿನ ಮನೆಮನೆಗೂ ತಲುಪಿತು. ಜಂಗಮನು ಬಾಗಿಲಿಗೆ ಬಂದ, ಆಕಾಶವಾಣಿಯಲ್ಲಿ.

ಇದನ್ನೆಲ್ಲ ಪತನವೆಂದು ಬಣ್ಣಿಸುವುದು ಸುಲಭ. ಆದರೆ ಗುಡ್ಡನ ಮನೆಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ವೇದಿಕೆಯು ಅವನಿಗೆ ಸಂಭಾವನೆ ಕೊಟ್ಟಿತು, ಕಲಾವಿದನೆಂಬ ಹೆಸರು ಕೊಟ್ಟಿತು, ಅಕಾಡೆಮಿಯ ಪ್ರಶಸ್ತಿ ಮತ್ತು ಮಾಸಾಶನಗಳಿಗೆ ದಾರಿ ಮಾಡಿತು. ಶಾಲೆಗೆ ಹೋದ ಮಗನು ಸಹಪಾಠಿಯ ಮನೆಯ ಬಾಗಿಲಲ್ಲಿ ಜೋಳಿಗೆ ಹಿಡಿದು ನಿಲ್ಲಲು ನಾಚಿದರೆ, ಆ ನಾಚಿಕೆಯನ್ನು ಸಂಸ್ಕೃತಿಯ ನಷ್ಟವೆಂದು ಮಾತ್ರ ಬರೆಯುವುದು ಅನ್ಯಾಯ. ವಿಶೇಷವಾಗಿ ದಲಿತ ಮತ್ತು ಹಿಂದುಳಿದ ಸಮುದಾಯಗಳ ಗುಡ್ಡರಿಗೆ ಮೇಲಿನ ಕೇರಿಯ ಬಾಗಿಲಲ್ಲಿ ಬೇಡುವುದು ಕಟ್ಟಳೆಯ ಭಿಕ್ಷೆಯಾಗಿ ಉಳಿದಿತ್ತೋ, ಜಾತಿಯ ಅಂತರವನ್ನು ದಿನದಿನವೂ ನೆನಪಿಸುವ ಕ್ರಿಯೆಯಾಗಿತ್ತೋ ಎಂಬುದು ಕೇಳಲೇಬೇಕಾದ ಪ್ರಶ್ನೆ. ಮಾದಪ್ಪನು ಬೇಡಿದ್ದು ದೇವರಾಗಿ. ಗುಡ್ಡನು ಬೇಡುವುದು ದೇವರ ಹೆಸರಿನಲ್ಲಾದರೂ ಮನುಷ್ಯನಾಗಿ. ಕಾವ್ಯವನ್ನು ಉಳಿಸುವ ಹೆಸರಿನಲ್ಲಿ ಬೇಡುವ ಬದುಕನ್ನೂ ಉಳಿಸಿರೆಂದು ಹೇಳುವ ಅಧಿಕಾರ ಯಾವ ಸಂಶೋಧಕನಿಗೂ ಇಲ್ಲ. ಅದೇ ಹೊತ್ತಿಗೆ, ಆ ಬದುಕಿನಿಂದ ಬಿಡಿಸಿ ತೆಗೆದ ಕುಣಿತವನ್ನೇ ಕಂಸಾಳೆ ಪರಂಪರೆಯೆಂದು ಪ್ರದರ್ಶಿಸಿ ಸಮಾಧಾನಗೊಳ್ಳುವುದೂ ಪ್ರಾಮಾಣಿಕವಲ್ಲ.

ಬೆಟ್ಟವೂ ಮೊದಲಿನಂತಿಲ್ಲ. ವೀರಪ್ಪನ್ ಕಾರ್ಯಾಚರಣೆಯ ವರ್ಷಗಳಲ್ಲಿ ಕಾಡಂಚಿನ ಊರುಗಳು ಭಯ ಮತ್ತು ತಪಾಸಣೆಗಳ ನಡುವೆ ಬಾಳಿದವು. 2004ರಲ್ಲಿ ಅವನ ಅಂತ್ಯವಾದ ಮೇಲೆ ಯಾತ್ರಿಕರ ಸಂಖ್ಯೆ, ವಾಹನಗಳ ಓಡಾಟ ಬೆಳೆದವು. 2013ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಬಸ್ಸಿನಲ್ಲಿ ಬರುವ ಭಕ್ತನು ಮಲೆಗಳನ್ನು ಒಂದೊಂದಾಗಿ ಎಣಿಸುವುದಿಲ್ಲ. ನಡೆದು ಬರುವವರು ಈಗಲೂ ಸಾವಿರಗಟ್ಟಲೆ ಇದ್ದಾರೆ; ಅವರ ನಡುವೆ ಜೋಳಿಗೆ ಹೊತ್ತ ಗುಡ್ಡರೂ ಇದ್ದಾರೆ, ಕೆಲವರು ಊರಿನಲ್ಲಿ ಆ ಜೋಳಿಗೆಯನ್ನು ತೆಗೆಯದೆ ಬೆಟ್ಟಕ್ಕೆ ಬಂದಾಗ ಮಾತ್ರ ಹೆಗಲಿಗೇರಿಸುವವರು. ಮಗನು ದೀಕ್ಷೆ ಪಡೆಯದ ಮನೆಗಳಲ್ಲಿ ತಂದೆಯ ಕಂಸಾಳೆ ದೇವರ ಗೂಡಿನಲ್ಲಿರುತ್ತದೆ. ಸೋಮವಾರ ಅದನ್ನು ತೊಳೆದು, ದೂಳ್ತ ಇಟ್ಟು, ಹೂವೇರಿಸುತ್ತಾರೆ.